ಮಾನಪ್ಪನ ಕಂಬಳಿ, ಅಳಿಯನ ಕಾಡತೂಸು

ಬಿಲ್ಲೆಗಳು ತೀರಿಹೋಗಿದ್ದವು. ತೊಂದರೆ ಶುರುವಾದದ್ದು ಅಲ್ಲಿಂದ.

ಶಿವರಾಜ ಸಿಂಧನೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಸಹಾಯಕ. ಮನೆಯಲ್ಲಿ ಕೂತು ಕಾಡತೂಸು ತುಂಬುವುದು ಅವನ ಹವ್ಯಾಸ. ಒಮ್ಮೆ ಹಾರಿಸಿದ ಕಾಡತೂಸಿನ ಬಾಯಿ ಸೀಳಿರುತ್ತದೆ. ಸೀಳಿದ್ದಷ್ಟನ್ನು ಕತ್ತರಿಸಿ, ಉಳಿದ ಗಿಡ್ಡ ಕೋಶಕ್ಕೆ ಮದ್ದು, ಮದ್ದಿನ ಮೇಲೊಂದು ದಪ್ಪ ಬಿಲ್ಲೆ, ಅದರ ಮೇಲೆ ಛರ್ರೆ, ಅಂದರೆ ಸೀಸದ ಸಣ್ಣ ಗುಂಡುಗಳು. ಇದನ್ನು ಕಲಿಸಿದವನು ಅವನ ಮಾವ, ಸಂತೆಕಲ್ಲೂರಿನ ಕುರಿಗಾರ ಮಾನಪ್ಪ. ತೋಳದ ಕಾಟಕ್ಕೆಂದು ಅವನ ಹತ್ತಿರ ಲೈಸೆನ್ಸಿನ ಬಂದೂಕಿತ್ತು. "ಗಿಡ್ಡಂದು ಸಣ್ಣಗ ಕೆಮ್ಮತೈತಿ. ತೋಳ ಓಡತೈತಿ, ಕುರಿ ಚದರಂಗಿಲ್ಲ" ಎನ್ನುತ್ತಿದ್ದ.

ಸಿಂಧನೂರಿನಲ್ಲಿ ತೋಳವೂ ಇರಲಿಲ್ಲ, ಕುರಿಯೂ ಇರಲಿಲ್ಲ. ಮಾವ ಹಾರಿಸಿ ಬಿಟ್ಟ ಕೋಶಗಳಷ್ಟೇ ಅವನ ಬಳಿ ಇದ್ದದ್ದು, ಶಿವರಾಜ ಒಂದನ್ನೂ ಹಾರಿಸಿದವನಲ್ಲ. ತುಂಬುವುದು, ಹೊಸ ಸೊಸೆ ಉಪ್ಪಿನಕಾಯಿ ಭರಣಿ ಜೋಡಿಸಿದಂತೆ ಅಲಮಾರಿಯಲ್ಲಿ ಸಾಲಾಗಿ ಇಡುವುದು, ನೋಡಿ ಬೀಗ ಹಾಕುವುದು, ಇಷ್ಟೇ.

ಮಾನಪ್ಪ ತೀರಿಕೊಂಡ ಮೇಲೆ ಬಂದೂಕು ಅಳಿಯನ ಹೆಸರಿಗೆ ಬಂತು. ಜೊತೆಗೆ ಅತ್ತೆ ಯಮನೂರಮ್ಮನ ಕರಾರೂ ಬಂತು. "ಬಂದೂಕ ಇಟ್ಕೊ. ನನ್ನ ಮಗಳ ಮನ್ಯಾಗ ಮದ್ದು ಮುಟ್ಟಬ್ಯಾಡ. ಮುಟ್ಟಿದ್ದು ಗೊತ್ತಾತಂದ್ರ ಬಂದೂಕ ಕಾಲುವಿ ಪಾಲು." ಆಕೆ ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ಸಂತೆಕಲ್ಲೂರಿನಲ್ಲಿ ಯಾರೂ ಕಂಡಿರಲಿಲ್ಲ.

ಬಿಲ್ಲೆಗೆ ದಪ್ಪ ಉಣ್ಣೆ ಬೇಕು. ಮನೆಯ ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ, ಹೆಂಡತಿ ನೆನಪಿಗೆಂದು ತಂದಿಟ್ಟಿದ್ದ ಮಾನಪ್ಪನ ಕರಿ ಕಂಬಳಿ ಇತ್ತು. ಮೂಲೆಯಲ್ಲಿ ಒಂದೇ ಒಂದು ಬಿಲ್ಲೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಶಿವರಾಜ ಮಡಿಸಿದ ಕಂಬಳಿಯ ಮೇಲೆ ಕೊಳವೆಯಂಥ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ನಾಲ್ಕು ಬಿಲ್ಲೆ ಉದುರಿದವು. ಒಂದೇ ಏಟಿಗೆ ನಾಲ್ಕು! ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ನಾಲ್ಕು ಯಾಕೆ ಉದುರಿದವು ಎಂಬ ಪ್ರಶ್ನೆ ಹೊಳೆದದ್ದು ಕಾಡತೂಸು ತುಂಬಿ ಮುಗಿದ ಮೇಲೆ. ಕಂಬಳಿಗೆ ನಾಲ್ಕು ಮಡಿಕೆಯಿತ್ತು.

ಪಕ್ಕದ ಮನೆಯ ಶೇಖರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. "ಏನ್ರಿ ಇದು, ದಿನಾ ಟಕ್ ಟಕ್? ಒಳಗ ಯಾರನ್ನರೆ ಹುಗಿಯಾಕತ್ತೀರೇನು?"

"ಗ್ವಾಡಿಗೆ ಮೊಳಿ ಹೊಡ್ಯಾಕತ್ತೀನ್ರಿ."

"ಇಷ್ಟೊಂದು ಮೊಳಿ? ಗ್ವಾಡಿ ಉಳದೈತೋ, ಬರೇ ಮೊಳಿ ನಿಂತಾವೋ?"

ಅದಾದ ಮೇಲೆ ಅಮಾವಾಸ್ಯೆ ಬಂತು. ಹೆಂಡತಿ ಮಹೇಶ್ವರಿ ಮುಂಚೆಯೇ ತವರಿಗೆ ಹೋಗಿದ್ದಳು. ಬೆಳಿಗ್ಗೆ ಅತ್ತೆಯ ಫೋನು.

"ಇವತ್ತ ನಿನ್ನ ಮಾವಗ ವರ್ಷ ತುಂಬತೈತಿ. ಅಂವನ ಕಂಬಳಿ ಹಾಸಿ ಗದ್ದಗಿ ಹಾಕಬೇಕು, ತಗೊಂಡು ಬಾ." ಫೋನು ಇಡುವ ಮೊದಲು ಮತ್ತೊಂದು ಮಾತು ಸೇರಿಸಿದಳು. "ಕನಸಿನ್ಯಾಗೂ ಬಂದಿಲ್ಲ ಒಮ್ಮೆರೆ. ಕಂಬಳಿ ವಾಸನಿಗರೆ ಬರ್ತಾನೇನೋ ನೋಡೂಣು."

ಶಿವರಾಜ ಕಂಬಳಿ ಬಿಡಿಸಿ ಕಿಟಕಿಗೆ ಹಿಡಿದ. ನಾಲ್ಕು ಕಡೆಯಿಂದ ಬಿಸಿಲು ಅವನನ್ನೇ ನೋಡಿತು.

ತುಂಬಿದ್ದ ಕಾಡತೂಸು ಬಿಚ್ಚಿ, ಬಿಲ್ಲೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ. ಪಟಾಕಿ ನುಂಗಿದ ಕುರಿಯಂತೆ ನಾರುತ್ತಿದ್ದ ಅವನ ಪಕ್ಕದಿಂದ ಕೂತವರು ಎದ್ದು ಹೋದರು.

ಮಸ್ಕಿಯಲ್ಲಿ ಇಳಿದು ಹರಿದ ಬಟ್ಟೆ ರಫೂ ಮಾಡುವ ಮಾಸುಂಬಿಯ ಮುಂದೆ ಕಂಬಳಿ ಹಾಸಿದ. ಆಕೆ ತೂತಿನಲ್ಲಿ ಬೆರಳು ತೂರಿಸಿ ಆಚೆ ಬಂದ ಬೆರಳ ತುದಿಯನ್ನು ಅವನಿಗೆ ತೋರಿಸಿದಳು.

"ಇದು ನುಸಿ ತಿಂದಿದ್ದಲ್ಲಪಾ."

"ಇಲಿ ಕಡದಾವ."

"ಇಲಿ ಕೈಯಾಗ ಕೈವಾರ ಇತ್ತೇನು?"

ಶಿವರಾಜ ಬಿಲ್ಲೆಗಳನ್ನು ಅವಳ ಮುಂದಿಟ್ಟ. "ಇವನ್ನ ಹಂಗಾ ಕೂಡಿಸಿ ಹೊಲದುಬಿಡಬೇ. ಮಾವನ ವರ್ಷದ ಗದ್ದಗಿ ಐತಿ, ಜಲ್ದಿ ಬೇಕು."

"ಹೋಗು, ಚಾ ಕುಡಿದು ಬಾ. ಎದುರಿಗೆ ಕುಂತ್ರ ನನ್ನ ಸೂಜಿ ಓಡಂಗಿಲ್ಲ."

ಅವನು ತಿರುಗಿ ಬಂದಾಗ ಮಾಸುಂಬಿ ಊಟಕ್ಕೆ ಹೋಗಿದ್ದಳು. ಕಂಬಳಿ ಮಡಿಸಿ ಕಟ್ಟಿಟ್ಟಿತ್ತು. ಕೈಯಾಡಿಸಿದರೆ ಎಲ್ಲಿ ಕೂಡಿದೆಯೆಂದು ಬೆರಳಿಗೂ ತಿಳಿಯಲಿಲ್ಲ. ಶಿವರಾಜ ಸಂತೆಕಲ್ಲೂರಿನ ಆಟೋದಲ್ಲಿ ಎಲ್ಲರ ಮೊಣಕಾಲ ಮೇಲೆ ಅರ್ಧರ್ಧ ಕೂತು, ಬಂದೂಕು ಉಳಿಯಿತೆಂದು ಹಲ್ಲು ಕಿರಿಯುತ್ತ ಬಂದ.

ಅಂಗಳದಲ್ಲಿ ಜನ ಕೂತಿದ್ದರು. ಕುರಿಗಾರರ ದೇವರು ಮಾಳಿಂಗರಾಯನ ಪೂಜಾರಿ ಮರಿಸ್ವಾಮಿ ಕಂಬಳಿಯನ್ನು ಎರಡು ಪದರ ಮಾಡಿ ಮಣೆಯ ಮೇಲೆ ಹಾಸಿದ. ರಫೂ ಮಾಡಿದ ಎರಡು ಜಾಗ ಮೇಲೆ ಬಂದವು, ಅಕ್ಕಪಕ್ಕ. ಆ ಜಾಗ ಗೊತ್ತಿದ್ದದ್ದು ಶಿವರಾಜನೊಬ್ಬನಿಗೇ. ಭಂಡಾರದ ಅರಿಸಿನ ಪುಡಿ ಚೆಲ್ಲಿದರು. ಮಹೇಶ್ವರಿ ಒಳಗಿಂದ ಕೆಂಡದ ಬಟ್ಟಲು ತಂದಳು.

ಕೆಂಡ ಕಂಡೊಡನೆ ಅವನಿಗೆ ನೆನಪಾಯಿತು. ಬಿಲ್ಲೆಗಳಿಗೆ ಮದ್ದು ಅಂಟಿತ್ತು!

"ಲೋಬಾನದ ಹೊಗಿ ಬ್ಯಾಡ್ರಿ!"

"ಯಾಕಲೇ?" ಮರಿಸ್ವಾಮಿ ಹುಬ್ಬೇರಿಸಿದ.

"ನನಗ ದಮ್ಮು ಐತಿ."

"ಯಾವಾಗಿಂದ?" ಮಹೇಶ್ವರಿ ಕೇಳಿದಳು.

"ಈಗ, ಈಗಿಂದ."

"ಹಂಗಾರ ಹೊರಗ ನಿಂದ್ರು" ಎಂದು ಮರಿಸ್ವಾಮಿ ಲೋಬಾನ ಹಾಕಿ ಬಟ್ಟಲು ಬೀಸಿದ. ಒಂದು ಕಿಡಿ ಹಾರಿ ಕಂಬಳಿಯ ಮೇಲೆ ಬಿತ್ತು.

ಎರಡು ಕಣ್ಣು ಹೊತ್ತಿಕೊಂಡವು.

ಉರಿಯಲ್ಲ, ಬೀಡಿಯ ತುದಿಯಂಥ ಕೆಂಪು. ದೊಡ್ಡಿಯಲ್ಲಿ ಮಲಗಿದ್ದ ಕುರಿಗಳು ಒಟ್ಟಿಗೆ ಎದ್ದು ನಿಂತವು. ಯಾವುದೂ ಅರಚಲಿಲ್ಲ. ಅಳುತ್ತಿದ್ದ ಕೂಸೊಂದು ಬಾಯಿ ಮುಚ್ಚಿತು.

ಯಮನೂರಮ್ಮ ಮೊಣಕಾಲ ಮೇಲೆ ಮುಂದೆ ಸರಿದಳು. "ಬಂದಿಯೇನು?" ಎಂದಳು. ಅಷ್ಟೇ. ಕಣ್ಣುಗಳು ಒಮ್ಮೆ ಮಂಕಾಗಿ ಮತ್ತೆ ಕೆಂಪಾದವು. ಆಕೆ ಅಳಲಿಲ್ಲ. ಮಲಗಿದವನಿಗೆ ಹೊದೆಸುವ ಹಾಗೆ ಕಂಬಳಿಯ ಅಂಚು ಎಳೆದು ಸರಿ ಮಾಡಿದಳು.

"ಅಳಿಯನ ಕಡೀಗೆ ನೋಡಾಕತ್ತಾನ" ಎಂದ ಮರಿಸ್ವಾಮಿ. ಅವನು ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದ. "ಶಿವರಾಜ, ಏನ್ ಬೇಕಂತ ಕೇಳು."

ಇಡೀ ಅಂಗಳದಲ್ಲಿ ಹೆದರದವನು ಶಿವರಾಜ ಒಬ್ಬನೇ. ಉರಿಯುತ್ತಿದ್ದದ್ದು ಮದ್ದು ಎಂದು ಅವನಿಗೆ ಗೊತ್ತಿತ್ತಲ್ಲ. ಹೆದರಿಕೆ ಇರಬೇಕಾದ ಜಾಗದಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಬಗ್ಗಿ ಕಂಬಳಿಗೆ ಕಿವಿಯಿಟ್ಟ.

"ಮಾವಾರು ಹೇಳಾಕತ್ತಾರ..." ಎಂದು ಅತ್ತೆಯ ಕಡೆ ಓರೆಗಣ್ಣಿನಿಂದ ನೋಡಿದ. "ಸಿಂಧನೂರ ಮನ್ಯಾಗ ಕಾಡತೂಸ ತುಂಬೋದು ನಿಂದ್ರಬಾರದಂತ."

ಯಮನೂರಮ್ಮ ಕಂಬಳಿಯ ಅಂಚು ಬಿಟ್ಟು ತಲೆಯೆತ್ತಿದಳು.

"ಅಂವ ಹಂಗಂದನೇನು?"

"ಹೂನ್ರಿ ಅತ್ತಿ."

ಆಕೆ ಕಂಬಳಿಯ ಕಡೆ ತಿರುಗಿದಳು. "ಹಂಗಾರ ತುಂಬಲಿ."

ಕಣ್ಣುಗಳು ಆರಿದವು.

ಶಿವರಾಜ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಹೆಂಡತಿಯನ್ನು ತವರಲ್ಲೇ ಬಿಟ್ಟು, ಗದ್ದಿಗೆಯ ಕಂಬಳಿಗೆ ಕೈಮುಗಿದು ಹೊರಟ. ಮಸ್ಕಿಯಲ್ಲಿ ಸಿಂಧನೂರಿನ ಬಸ್ಸು ಹತ್ತುವ ಮೊದಲು, ಇಷ್ಟೊಳ್ಳೆ ಕೆಲಸಕ್ಕೆ ಒಂದು ಮಾತು ಹೇಳಿಹೋಗೋಣವೆಂದು ಮಾಸುಂಬಿಯ ಹತ್ತಿರ ಬಂದ.

"ನಿಂದ್ರು, ನಿಂದ್ರು. ನಿನ್ನ ಮಾಲು ಇಲ್ಲೇ ಉಳದೈತಿ." ಮಾಸುಂಬಿ ಸೆರಗಿನ ಗಂಟು ಬಿಚ್ಚಿ ಅವನ ಅಂಗೈಗೆ ಸುರಿದಳು. ನಾಲ್ಕು ಬಿಲ್ಲೆ. "ಮದ್ದು ಅಂಟಿತ್ತು ಇವಕ್ಕ. ಸತ್ತೋರ ಕಂಬಳಿಗೆ ಮದ್ದು ಹೊಲಿಸ್ತಾರೇನೋ, ಹುಚ್ಚಪ್ಪ? ಅಂಚಿನ ಉಣ್ಣಿ ಬಿಚ್ಚಿ ತೂತು ನೇದೀನಿ."

ಶಿವರಾಜ ಅಂಗೈ ನೋಡಿದ. ಬಿಲ್ಲೆಗಳು ಕಪ್ಪಗೆ, ತಣ್ಣಗೆ ಇದ್ದವು.

"ಮತ್ತ... ಉರದದ್ದೇನು?"

"ಏನು ಉರೀತು?"

ಅವನು ಬಿಲ್ಲೆಗಳನ್ನು ಚರಂಡಿಗೆ ಎಸೆದು ಬಸ್ಸಿನ ಕಡೆ ನಡೆದ.

ಬಸ್ಸು ತುಂಬಿತ್ತು, ಬಾಗಿಲಲ್ಲೂ ಜನ ಜೋತುಬಿದ್ದಿದ್ದರು. ಈಗ ಅವನ ಬಳಿ ಕಂಬಳಿ ಇರಲಿಲ್ಲ, ವಾಸನೆಯೂ ಇರಲಿಲ್ಲ. ಆದರೂ ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. "ಕುಂದರ್ರಿ" ಎಂದು ಶಿವರಾಜ ಒಬ್ಬನನ್ನು ಕರೆದ. "ಇರ್ಲಿ ಬಿಡ್ರಿ, ಹಿರಿಯಾರು ಕುಂತಾರ" ಎಂದು ಅವನು ಆಚೆ ಸರಿದ.

ಮನೆಗೆ ಹೋದೊಡನೆ ಉಳಿ, ಸುತ್ತಿಗೆ, ಮದ್ದು ಎಲ್ಲವನ್ನೂ ಗಂಟು ಕಟ್ಟಿ ಹೊರಗೆ ಹಾಕಬೇಕು. ದಾರಿಯುದ್ದಕ್ಕೂ ಶಿವರಾಜ ಯೋಚಿಸಿದ್ದು ಅದೊಂದೇ.

ದೀಪ ಹಚ್ಚುವ ಹೊತ್ತಿಗೆ ಗೇಟಿಗೆ ಬಂದ. ಶೇಖರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಶೇಖರಮ್ಮಾರ, ಇವತ್ತಿಂದ ನಮ್ಮನ್ಯಾಗ ಸಪ್ಪಳ ಬರಂಗಿಲ್ಲ ನೋಡ್ರಿ" ಎಂದ ಶಿವರಾಜ.

ಶೇಖರಮ್ಮ ಬಾಗಿಲ ಬೀಗ ನೋಡಿದಳು. ಅವನ ಕೈಯಲ್ಲಿದ್ದ ಕೀಲಿ ನೋಡಿದಳು. ಸೊಂಟದ ಮೇಲಿನ ಕೈ ಮೆಲ್ಲಗೆ ಜಾರಿತು.

"ನೀವು ಈಗ ಬರಾಕತ್ತೀರೇನು?"

"ಹೂನ್ರಿ, ಮುಂಜಾನಿ ಹೋದಾಂವ ಈಗಾ ಬಂದೆ."

ಒಳಗೆ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಕ್. ಆಮೇಲೆ ಯಾರೋ ಸಣ್ಣಗೆ ಕೆಮ್ಮಿದರು.

ಶೇಖರಮ್ಮ ಅವನ ತೋಳು ಹಿಡಿದುಕೊಂಡಳು. "ಹಂಗಾರ ಮಧ್ಯಾಹ್ನದಿಂದ ಕಿಟಕ್ಯಾಗ ನಿಂತು ನಾ ಬೈದದ್ದು ಯಾರಿಗ್ರಿ?"