ಸರ್ವಾನುಮತದ ಸೋದರಮಾವ

ನಮ್ಮ ಸೋದರಮಾವ ಪ್ರಪಂಚದ ಎಲ್ಲ ದೇಶಗಳ ವ್ಯವಹಾರದಲ್ಲೂ ತಲೆಹಾಕುತ್ತಾರೆ. ಯಾಕೆ ಗೊತ್ತೇ? ಯಾರೂ ಯಾರ ವ್ಯವಹಾರದಲ್ಲೂ ತಲೆಹಾಕಬಾರದು ಎಂದು ಹೇಳುವುದಕ್ಕೆ!

ಜೀವನ್ ಬಿಮಾ ನಗರದ ತಮ್ಮ ಮನೆಯ ಕೆಳಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಮದುವೆಯಾಗಲಿಲ್ಲ, ಕ್ರಾಂತಿಯಾದ ಮೇಲೆ ನೋಡೋಣ ಎಂದಿದ್ದರಂತೆ. ನಮ್ಮಜ್ಜಿ ಕ್ರಾಂತಿಯ ದಾರಿ ಕಾದು ಕಾದು ಹೋಗಿಬಿಟ್ಟಳು. ಬೇರೆ ದೇಶದ ಮೇಲೆ ಯುದ್ಧವಿಮಾನ ಹಾರಿಸುವವರನ್ನು ಕಂಡರೆ ಮಾವನಿಗೆ ಮೈಯೆಲ್ಲ ಉರಿ. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಅನ್ನುತ್ತೀರಾ? ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನಕ್ಕೆ ರಿವೆಟ್ ಹೊಡೆಯುತ್ತಿದ್ದರು! ಕೇಳಿದರೆ, "ರಿವೆಟ್ ಹೊಡೆಯೋನು ಕಾರ್ಮಿಕ ಕಣೇ. ಹಾರಿಸೋನೇ ಬೇರೆ" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಮೇಲಿನ ಮನೆಯಲ್ಲಿ ರಾಯಚೂರು ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಒಂದು ಸಂಜೆ ನಾನಿದ್ದಾಗಲೇ ಅವರಿಬ್ಬರಿಗೂ ಜೋರು ಜಗಳ. ಆಕೆ ದಡದಡ ಇಳಿದು ಬಂದು, "ಕಾಕಾರ, ನಮ್ಮನಿಯವ್ರಿಗೆ ಒಂದ್ ಮಾತು ಬುದ್ಧಿ ಹೇಳ್ರಿ" ಎಂದಳು.

"ಅದು ನಿಮ್ಮ ಆಂತರಿಕ ವಿಷಯ ಕಣಮ್ಮ. ಹೊರಗಿನ ಶಕ್ತಿ ನುಗ್ಗಿದ ಕಡೆ ಜಗಳ ದೊಡ್ಡದಾಗುತ್ತೆ, ಲಾಭ ಹೊರಗಿನವನಿಗೆ."

"ಹೊರಗಿನವ್ರು ಹ್ಯಾಂಗಾಗ್ತೀರಿ? ಮನಿ ಮಾಲಕ್ರು ನೀವ ಅಲ್ರೀ!"

ಮಾವ ಅಷ್ಟಕ್ಕೆ ಬಿಟ್ಟರೇ? ಗಂಡನನ್ನೂ ಕರೆಸಿದರು. ಸಾಮ್ರಾಜ್ಯಶಾಹಿ ಎಂದರೇನು, ಬಂಡವಾಳವು ತನ್ನ ದೇಶ ಸಾಲದೆ ಇನ್ನೊಬ್ಬರ ದೇಶಕ್ಕೆ ಯಾಕೆ ಕೈಚಾಚುತ್ತದೆ ಎಂದು ಮುಕ್ಕಾಲು ಗಂಟೆ ವಿವರಿಸಿದರು. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಒಲೆಯ ಮೇಲೆ ಹಾಲಿದೆ ಎಂದು ಇಬ್ಬರೂ ಒಟ್ಟಿಗೆ ಎದ್ದು ಓಡಿದರು.

"ನೋಡ್ದ್ಯಾ? ಸಮಾನ ಶತ್ರು ಸಿಕ್ಕಿದ್ರೆ ಜನ ಒಂದಾಗ್ತಾರೆ!" ಎಂದರು ಮಾವ. ಆ ಶತ್ರು ಯಾರೆಂದು ನಾನು ಹೇಳಲು ಹೋಗಲಿಲ್ಲ.

ಇಂಥವರಿಗೂ ಒಬ್ಬರು ಸ್ನೇಹಿತರಿದ್ದರು, ಶಿವಾಜಿನಗರದ ಟೈಲರ್ ಸಾಹೇಬರು. ಇಬ್ಬರದೂ ಒಂದು ಮಾರ್ಕ್ಸ್‌ವಾದಿ ಅಧ್ಯಯನ ಕೂಟ. ಪ್ರತಿ ಭಾನುವಾರ ಬೆಳಿಗ್ಗೆ ಮಾವನ ಮನೆಯಲ್ಲಿ ಸಭೆ. ಹನ್ನೆರಡು ಜನರಿಂದ ಶುರುವಾದ ಕೂಟ ಒಬ್ಬೊಬ್ಬರೇ ಕಳಚಿಕೊಂಡು ಇವರಿಬ್ಬರಿಗೆ ಬಂದು ನಿಂತಿತ್ತು. ಆಗ ಸಿರಿಯಾದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಇಲ್ಲಿ ಕೂಟ ಒಡೆಯಿತು! ದೊಡ್ಡ ದೇಶಗಳು ಬಂಡುಕೋರರಿಗೆ ಆಯುಧ ಕೊಟ್ಟು ಕುಣಿಸುವಾಗ, ಅಲ್ಲಿನ ಸರ್ಕಾರ ಎಷ್ಟೇ ಕೆಟ್ಟದಿರಲಿ, ಅದರ ಪರ ನಿಲ್ಲಬೇಕು ಎಂದು ಮಾವನ ವಾದ. "ತನ್ನ ಜನಾನೇ ಕೊಲ್ಲೋ ಸರ್ಕಾರಕ್ಕೆ ಇನ್ನೊಂದು ದೊಡ್ಡ ದೇಶದ ವಿಮಾನ ಕಾವಲು. ಅದು ಹಸ್ತಕ್ಷೇಪ ಅಲ್ವಾ ಕಾಮ್ರೇಡ್?" ಎಂದು ಸಾಹೇಬರು. ಮತಕ್ಕೆ ಹಾಕಿದರು. ಪರ ಒಂದು, ವಿರೋಧ ಒಂದು. ಸಾಹೇಬರು ಎದ್ದು ಹೋದರು. ವರ್ಷಗಟ್ಟಲೆ ಮಾತಿಲ್ಲ. ಕೊನೆಗೆ ಆ ಸರ್ಕಾರವೇ ಬಿದ್ದುಹೋಯಿತು. ಇವರ ಸಿಟ್ಟು ಮಾತ್ರ ಗದ್ದುಗೆ ಬಿಟ್ಟು ಇಳಿಯಲಿಲ್ಲ.

ಸಭೆ ಮಾತ್ರ ಒಂದು ಭಾನುವಾರವೂ ತಪ್ಪಿಲ್ಲ. ಮಾವ ನಡಾವಳಿ ಪುಸ್ತಕ ತೆಗೆದು ಬರೆಯುತ್ತಾರೆ: ಹಾಜರಿ, ಒಬ್ಬರು. ಅಧ್ಯಕ್ಷತೆ, ನಾನು. ಮಂಡನೆ, ನಾನು. ಅನುಮೋದನೆ, ನಾನು. ಗೊತ್ತುವಳಿ ಸರ್ವಾನುಮತದಿಂದ ಅಂಗೀಕಾರ! ಅದಕ್ಕೆ ಮೊದಲು ಕೂಟದ ನಿಯಮದಂತೆ, "ವಿರೋಧ ಇರೋರು ಹೇಳಬಹುದು" ಎಂದು ಕೇಳಿ ಒಂದು ನಿಮಿಷ ಕಾಯುತ್ತಾರೆ. ಎದುರಿಗೆ ಸಾಹೇಬರು ಕೂರುತ್ತಿದ್ದ ಖಾಲಿ ಬೆತ್ತದ ಕುರ್ಚಿ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಎರಡನೇ ಸಲ ನಗು ಬರಲಿಲ್ಲ.

ಹೋದ ವಾರ ಕರ್ಟನ್ ಹೊಲಿಸುವ ನೆಪ ಮಾಡಿಕೊಂಡು ಸಾಹೇಬರ ಅಂಗಡಿಗೆ ಹೋದೆ.

"ಇಲ್ಲ ಬೇಟಿ, ಕಣ್ಣು ಕಾಣ್ಸಲ್ಲ. ಈ ಭಾನುವಾರ ಅಂಗಡಿ ಖಾಲಿ ಮಾಡಿ, ಹೊರಮಾವು ಕಡೆ ಮಗಳ ಮನೆಗೆ ಹೋಗ್ಬಿಡ್ತೀನಿ" ಎಂದರು. ಆಮೇಲೆ ಕತ್ತರಿ ಒರೆಸುತ್ತಾ, "ನಿಮ್ ಮಾವ ಈಗ್ಲೂ ಮಿನಿಟ್ಸ್ ಬರೀತಾರಾ? ಆವತ್ತಿನ ನನ್ ವಿರೋಧ ಅದ್ರಲ್ಲಿ ಇರುತ್ತಲ್ಲ. ಅಷ್ಟು ಸಾಕು" ಎಂದರು.

ಭಾನುವಾರ ಬೆಳಿಗ್ಗೆ ಮಾವನಿಗೆ ವಿಷಯ ಹೇಳಿದೆ. "ಅದು ಅವನ ಆಂತರಿಕ ವಿಷಯ" ಎಂದು ಪುಸ್ತಕ ತೆಗೆದರು. ಗೊತ್ತುವಳಿ ಓದಿದರು. ವಿರೋಧ ಇದೆಯೇ ಎಂದು ಕೇಳಿದರು. ಕುರ್ಚಿಯನ್ನೇ ನೋಡುತ್ತಾ ಕೂತರು. ಒಂದು ನಿಮಿಷವಾಯಿತು, ಐದಾಯಿತು. ತಡೆಯಲಾರದೆ ನಾನೇ ಕೈ ಎತ್ತಿದೆ.

"ನಿನ್ನ ಕೈಲಿ ಆಗಲ್ಲ ಕಣೇ" ಎಂದರು ಮೆತ್ತಗೆ. "ಅವನು ಒಂದ್ಸಲ ಇಲ್ಲ ಅಂದ್ರೆ ನಾನು ವಾರವೆಲ್ಲ ಓದ್ಬೇಕಾಗ್ತಿತ್ತು. ಈಗ ಏನು ಹೇಳಿದ್ರೂ ಪಾಸಾಗಿಬಿಡುತ್ತೆ."

ಬರೆಯದೆಯೇ ಪುಸ್ತಕ ಮುಚ್ಚಿದರು. ಮಂಚದ ಕೆಳಗಿನ ಡಬ್ಬದಿಂದ ಎರಡು ಸ್ಪ್ಯಾನರ್ ಹುಡುಕಿ ಚೀಲಕ್ಕೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಶಿವಾಜಿನಗರದ ಬಸ್ಸು ಈಗ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು.

"ಸ್ಪ್ಯಾನರ್ ಯಾಕೆ ಮಾವ?"

"ಅವನ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು ಬೀಡುಕಬ್ಬಿಣದ್ದು ಕಣೇ. ಬಿಚ್ಚದೆ ಒಬ್ಬನೇ ಎತ್ತೋಕೆ ಹೋಗಿ ಸೊಂಟ ಮುರ್ಕೋತಾನೆ."