ಎರಡನೇ ಬೀಗ

ಅನಾಹುತಕ್ಕೆಲ್ಲ ಮೂಲ ಒಂದು ಪ್ಲಗ್ಗು. ಕೀಲಿಯಣ್ಣನ ಅಂಗಡಿಯಲ್ಲಿದ್ದ ಒಂದೇ ಪ್ಲಗ್ಗು ಕೀಲಿ ಕೊರೆಯುವ ಯಂತ್ರಕ್ಕೆ ಮೀಸಲು. ಹಾಗಾಗಿ ಅವನ ಮೊಬೈಲು ದಿನಾ ಬೆಳಿಗ್ಗೆ ಪಕ್ಕದ ಇಸ್ತ್ರಿ ಅಂಗಡಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿತ್ತು. ಇಸ್ತ್ರಿ ಅಕ್ಕನಾದರೋ ಊರವರ ಬಟ್ಟೆಯ ಸುಕ್ಕನ್ನು ಬಿಟ್ಟರೂ ಬಿಟ್ಟಾಳು, ರಿಂಗಾಗುವ ಫೋನನ್ನು ಬಿಡುವವಳಲ್ಲ.

ಆ ದಿನ ಕೀಲಿಯಣ್ಣನಿಗೆ ಕಾಲು ನೆಲದ ಮೇಲಿರಲಿಲ್ಲ. ಚಿಕ್ಕ ಮಗಳು ಮೆಚ್ಚಿದ ಹುಡುಗನ ಅಪ್ಪ ಸಂಜೆ ಮೊದಲ ಸಲ ಮನೆಗೆ ಬರುವವರಿದ್ದರು. ದೊಡ್ಡ ಮಗಳ ಮಾವ, ಅಂದರೆ ಮೊದಲನೇ ಬೀಗರು, ಮದುವೆಯ ದಿನ ತಾವು ಕೂತ ಕುರ್ಚಿ ಅಲುಗಾಡಿತೆಂದು ಮುನಿಸಿಕೊಂಡವರು ಇವತ್ತಿಗೂ ಮಾತು ಬಿಟ್ಟಿದ್ದರು. ಎರಡನೆಯವರಾದರೂ ಜೊತೆಗೆ ಕೂತು ನಾಲ್ಕು ಮಾತಾಡುವಂಥವರಾಗಿರಲಿ ಎಂದು ಕೀಲಿಯಣ್ಣ ಹಂಬಲಿಸುತ್ತಿದ್ದ. ಇವರೋ ಫೋನಿನಲ್ಲೇ, "ನಂಗೂ ಚದುರಂಗ ಅಂದ್ರೆ ಪ್ರಾಣ ಕಣ್ರೀ" ಎಂದುಬಿಟ್ಟಿದ್ದರು. ಕೀಲಿಯಣ್ಣ ಆಗಲೇ ಮಣೆ ಒರೆಸಿ, ಕಳೆದುಹೋದ ಕುದುರೆಯ ಬದಲಿಗೆ ಹಿತ್ತಾಳೆಯ ಕೀಲಿಯೊಂದನ್ನು ತಿಕ್ಕಿ ನಿಲ್ಲಿಸಿದ್ದ.

ಎದುರುಮನೆಯ ಬಚ್ಚಲಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಲು ಅವನು ಹೋಗಿದ್ದಾಗ ಫೋನು ಬಂತು.

"ಎಚ್‌ಐವಿ ಸಂಶೋಧನೆ ಲ್ಯಾಬಿಂದ ಡಾಕ್ಟ್ರು ಮಾತಾಡ್ತಿರೋದು. ಕೀಲಿಯಣ್ಣ ಇದ್ದಾರಾ?"

"ನಾನು ಅವರ ಮನೆಯವಳೇ ಅಂದ್ಕೊಳ್ಳಿ, ಹೇಳಿ" ಎಂದಳು ಇಸ್ತ್ರಿ ಅಕ್ಕ.

ಹಿಂದೊಮ್ಮೆ ಆ ಲ್ಯಾಬಿನ ಶೀತಲ ಕೋಣೆಯ ಬೀಗ ರಿಪೇರಿಗೆ ಹೋಗಿದ್ದ ಕೀಲಿಯಣ್ಣ, ಸಂಶೋಧನೆಗೆ ಆರೋಗ್ಯವಂತರ ರಕ್ತ ಬೇಕೆಂದು ಡಾಕ್ಟರಮ್ಮ ಕೇಳಿದಾಗ ತೋಳು ಚಾಚಿ ಬಂದಿದ್ದ. ಬೀಗದವನಿಗೆ ಅರ್ಥವಾಗಲಿ ಎಂದು ಡಾಕ್ಟರಮ್ಮ ಈಗ ಫಲಿತಾಂಶವನ್ನೂ ಬೀಗದ ಭಾಷೆಯಲ್ಲೇ ಹೇಳಿದರು. ಆದರೆ ಇಸ್ತ್ರಿ ಪೆಟ್ಟಿಗೆಯ ಹಬೆ ಬುಸ್ ಬುಸ್ ಎನ್ನುತ್ತಿದ್ದುದರಿಂದ ಅಕ್ಕನ ಕಿವಿಗೆ ಬಿದ್ದದ್ದು ಮೂರೇ ಸಂಗತಿ: ಎಚ್‌ಐವಿ, ರಕ್ತ, ಎರಡನೇ ಬೀಗ.

ಮೂರನ್ನೂ ಜೋಡಿಸಲು ಅವಳಿಗೆ ಒಂದು ಅಂಗಿಯ ಕಾಲರು ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕೀಲಿಯಣ್ಣ ಎದುರುಮನೆಯಿಂದ ವಾಪಸ್ಸು ಬರುತ್ತಿದ್ದಂತೆ ಕೂಗಿಕೊಂಡಳು.

"ಅಯ್ಯೋ ಅಣ್ಣಾ, ಮೋಸ ಹೋದ್ಯಲ್ಲೋ! ನಿನ್ನ ಎರಡನೇ ಬೀಗರಿಗೆ ಎಚ್‌ಐವಿ ಅಂತೆ! ಲ್ಯಾಬಿನವರೇ ಫೋನ್ ಮಾಡಿದ್ರು!"

ಕೀಲಿಯಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗೆ ಬಿತ್ತು. "ಅವರ ವಿಷಯ ನಂಗ್ಯಾಕೆ ಹೇಳ್ತಾರೆ?"

"ಹೆಣ್ಣು ಕೊಡೋನು ನೀನಲ್ವಾ? ಪುಣ್ಯಾತ್ಗಿತ್ತಿ ಎಚ್ಚರಿಸಿದ್ದಾಳೆ."

ಗದ್ದಲ ಕೇಳಿ ಎದುರಿನ ಕನ್ನಡಕದಂಗಡಿಯವನು ರಸ್ತೆ ದಾಟಿ ಬಂದ. ಇವನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. "ಹುಡುಗನ ಅಪ್ಪ ಏನ್ ಕೆಲಸದಲ್ಲಿದ್ರು?"

"ಆಸ್ಪತ್ರೇಲಿ ಇಪ್ಪತ್ತು ವರ್ಷ ಇದ್ರಂತೆ."

"ನೋಡಿದ್ರಾ! 'ಇದ್ರು' ಅಂದ್ರಂತೆ. ಕೆಲಸಕ್ಕೋ, ಚಿಕಿತ್ಸೆಗೋ?"

ಕೀಲಿಯಣ್ಣ ಕೂಡಲೇ ಲ್ಯಾಬಿಗೆ ಫೋನು ಮಾಡಿದ. "ಡಾಕ್ಟ್ರೇ, ಎರಡನೇ ಬೀಗರ ವಿಷಯ ಹೇಳಿದ್ರಂತಲ್ಲ, ಅದು ನಿಜಾನಾ?"

"ಬೀಗದ ವಿಷಯಾನಾ? ನೂರಕ್ಕೆ ನೂರು ನಿಜ! ಎರಡು ಸಲ ಪರೀಕ್ಷೆ ಮಾಡಿದೀವಿ. ಇಂಥದ್ದು ಸಿಗೋದೇ ಅಪರೂಪ. ಖುಷಿಪಡಿ ನೀವು! ಮೀಟಿಂಗಿಗೆ ಹೊರಟಿದೀನಿ, ಸಂಜೆ ವಿವರವಾಗಿ ಹೇಳ್ತೀನಿ."

"ಖುಷಿಪಡಬೇಕಂತೆ" ಎಂದು ಕೀಲಿಯಣ್ಣ ಫೋನು ಇಟ್ಟ.

ಮಧ್ಯಾಹ್ನದ ಹೊತ್ತಿಗೆ ಸಲಹೆಗಳು ಇಸ್ತ್ರಿ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ ಬಂದು ಬಿದ್ದವು. ಕೈ ಕುಲುಕಬೇಡ ಎಂದಳು ಅಕ್ಕ. ಪಿಂಗಾಣಿ ಬೇಡ, ಕಾಗದದ ಲೋಟ ಕೊಡು, ಅದೂ ಒಂದರೊಳಗೊಂದು ಇಟ್ಟು ಕೊಡು ಎಂದ ಕನ್ನಡಕದವನು. ಸಂಬಂಧವನ್ನೇ ಬಿಟ್ಟುಬಿಡು ಎಂದು ಇಬ್ಬರೂ ಸೇರಿ ಹೇಳಿದಾಗ ಮಾತ್ರ ಕೀಲಿಯಣ್ಣ ತಲೆ ಅಲ್ಲಾಡಿಸಿದ. ಮಗಳು ಆ ಹುಡುಗನನ್ನು ಬಿಟ್ಟು ಬೇರೆ ಯಾರನ್ನೂ ಒಪ್ಪುವವಳಲ್ಲ. ಅವಳಿಗೆ ಹೇಳುವ ಧೈರ್ಯವೂ ಅವನಿಗಿರಲಿಲ್ಲ, ಹೆಂಡತಿಯ ಕಿವಿಯಲ್ಲಷ್ಟೇ ಊದಿದ. ಹೆಂಡತಿ ಅಳಲಿಲ್ಲ, ಕೂಗಲಿಲ್ಲ. ಅತಿಥಿಗಳ ಕುರ್ಚಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಿಟಕಿಯ ಪಕ್ಕಕ್ಕೆ ಎಳೆದಳು.

ಸಂಜೆ ಬಂದವರು ನಗುಮುಖದ ದಪ್ಪ ಮನುಷ್ಯ. ಮಗ ಹಿಂದೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದರೆ ಇವರು ಬಾಗಿಲಲ್ಲೇ ಎರಡೂ ಕೈ ಚಾಚಿದರು. ಕೀಲಿಯಣ್ಣ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಗ್ರೀಸು... ಕೈಯೆಲ್ಲ ಗ್ರೀಸು!"

"ಇರ್ಲಿ ಬಿಡ್ರೀ. ನಿಮಗಂತ ಒಂದು ತಂದಿದೀನಿ." ಚೀಲದಿಂದ ತೆಂಗಿನಕಾಯಿ ಗಾತ್ರದ ಹಳೆಯ ಹಿತ್ತಾಳೆ ಬೀಗವೊಂದನ್ನು ತೆಗೆದರು. "ನಮ್ಮಜ್ಜನದು. ಕೀಲಿ ಎಲ್ಲೋ ಹೋಗಿದೆ. ನೀವೇ ತೆಗೀಬೇಕು."

ಅಂಥ ಬೀಗಕ್ಕಾಗಿ ಕೀಲಿಯಣ್ಣ ಒಂದು ಹೊತ್ತಿನ ಊಟ ಬಿಟ್ಟಾನು. ಆಸೆಯಿಂದ ಬೆರಳು ತುರಿಸಿತು. ಆದರೂ ಹೆಂಡತಿಯ ಕಣ್ಣು ನೋಡಿ, "ಮೇಜಿನ ಮೇಲೆ... ಅಲ್ಲೇ ಇಡಿ" ಎಂದ.

ಅವರು ಕೂತಾಗ ಪ್ಲಾಸ್ಟಿಕ್ಕು ಚರಚರ ಎಂದಿತು. ಎಲ್ಲರಿಗೂ ಪಿಂಗಾಣಿಯಲ್ಲಿ ಚಹಾ ಬಂತು, ಅವರಿಗೆ ಕಾಗದದ ಜೋಡಿ ಲೋಟದಲ್ಲಿ. ಮಗಳು ಗಾಬರಿಯಾಗಿ ತನ್ನ ಕಪ್ಪನ್ನೇ ಅವರ ಮುಂದೆ ಇಡಹೋದಳು. ತಾಯಿ ಗಬಕ್ಕನೆ ಕಸಿದುಕೊಂಡಾಗ ಅರ್ಧ ಚಹಾ ಚದುರಂಗದ ಮಣೆಯ ಮೇಲೆ ಚೆಲ್ಲಿತು.

"ಏನಮ್ಮಾ ಇದು!"

"ನಿಂಗೊತ್ತಾಗಲ್ಲ, ಸುಮ್ನಿರು!"

ಅತಿಥಿ ಲೋಟವನ್ನು ಒಮ್ಮೆ ನೋಡಿದರು, ಪ್ಲಾಸ್ಟಿಕ್ಕನ್ನು ಒಮ್ಮೆ ಮುಟ್ಟಿದರು. ಮುಖದ ನಗು ಮೆಲ್ಲಗೆ ಆರಿತು. "ನಂಗೆ ಎಚ್‌ಐವಿ ಅಂತ ಯಾರು ಹೇಳಿದ್ರು ನಿಮಗೆ?"

ಕೀಲಿಯಣ್ಣ ತೊದಲಿದ. "ಲ್ಯಾಬಿನವರು... ಇಸ್ತ್ರಿ ಅಕ್ಕ..."

"ನಂಗೆ ಇಲ್ಲ. ಎಚ್‌ಐವಿ ವಾರ್ಡಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದೆ, ಅದಕ್ಕೇ ಈ ಲೋಟದ ಗುರುತು ಹತ್ತಿತು. ನನ್ನ ರೋಗಿಗಳಿಗೆ ಅವರ ಮನೇಲಿ ಕೊಡ್ತಿದ್ದದ್ದು ಇಂಥದ್ದೇ. ಲೋಟದಿಂದ ಬರಲ್ಲ, ಕೈ ಹಿಡಿದ್ರೆ ಬರಲ್ಲ ಅಂತ ಹೇಳಿ ಹೇಳಿ ಗಂಟಲು ಹರೀತು. ಅವರ ಜೊತೆ ಒಂದೇ ತಟ್ಟೇಲಿ ಉಂಡಿದೀನಿ ನಾನು. ಮಾತ್ರೆ ತಗೊಂಡು ನನಗಿಂತ ಗಟ್ಟಿಯಾಗಿದ್ದಾರೆ ಅವರು." ಲೋಟದ ಚಹಾವನ್ನು ಪೂರ್ತಿ ಕುಡಿದು ಎದ್ದರು. "ಮಕ್ಕಳು ಮದುವೆ ಆಗ್ಲಿ, ನಂದೇನೂ ಅಡ್ಡಿಯಿಲ್ಲ. ಆದ್ರೆ ನಿಜವಾಗ್ಲೂ ನಂಗೆ ಕಾಯಿಲೆ ಇದ್ದಿದ್ರೆ ಹೀಗೇ ಕೂರಿಸ್ತಿದ್ದ ಮನೆಗೆ ಬೀಗ ಆಗಿ ನಾನು ಬರೋನಲ್ಲ."

ಮೇಜಿನ ಮೇಲಿದ್ದ ಹಿತ್ತಾಳೆ ಬೀಗವನ್ನು ಚೀಲಕ್ಕೆ ಹಾಕಿಕೊಂಡು ಮಗನೊಂದಿಗೆ ಹೊರಟರು. ಅಪ್ಪನನ್ನು ಸುಡುವಂತೆ ನೋಡಿ ಮಗಳೂ ಅವರ ಹಿಂದೆ ಓಡಿದಳು. ಬೀಗರೂ ಹೋದರು, ಬೀಗವೂ ಹೋಯಿತು. ನಾಚಿಕೆಯಿಂದ ಕೀಲಿಯಣ್ಣನಿಗೆ ತಲೆ ಎತ್ತಲಾಗಲಿಲ್ಲ.

ಆಗ ಫೋನು ರಿಂಗಾಯಿತು.

"ಈಗ ವಿವರವಾಗಿ ಕೇಳಿ!" ಡಾಕ್ಟರಮ್ಮನ ದನಿಯಲ್ಲಿ ಸಂಭ್ರಮವೋ ಸಂಭ್ರಮ. "ನಮ್ಮ ರಕ್ತದ ಬಿಳಿ ಕಣಗಳಿವೆಯಲ್ಲ, ಅವುಗಳ ಮೈಮೇಲೆ ಥರಾವರಿ ಪ್ರೋಟೀನು ಇರ್ತವೆ. ಅದರಲ್ಲಿ ಎರಡು, ಬಾಗಿಲಿಗೆ ಎರಡು ಬೀಗ ಇದ್ದ ಹಾಗೆ. ಎಚ್‌ಐವಿ ವೈರಸ್ಸಿನ ಹತ್ರ ಎರಡಕ್ಕೂ ಕೀಲಿ ಇರತ್ತೆ. ಎರಡೂ ತೆಗೆದ್ರೇನೇ ಒಳಗೆ ಬರೋಕಾಗೋದು."

"ಅಂದ್ರೆ ನೀವು ಹೇಳಿದ್ದು ಆ ಬೀಗಾನಾ?" ಕೀಲಿಯಣ್ಣನ ದನಿ ಅಳುವಂತಿತ್ತು.

"ಮತ್ಯಾವ ಬೀಗ? ಹುಟ್ಟಿನಿಂದಲೇ ನಿಮ್ಮಲ್ಲಿ ಒಂದು ಬೀಗ ಇಲ್ಲ ಕಣ್ರೀ!"

ಎಷ್ಟೇ ಸಂಕಟವಿದ್ದರೂ ಕಸುಬು ಸುಮ್ಮನಿರಗೊಡಲಿಲ್ಲ. "ಬೀಗ ಇಲ್ದಿದ್ರೆ ಬಾಗಿಲು ಸಲೀಸಾಗಿ ತೆಗೆಯಲ್ವಾ ಡಾಕ್ಟ್ರೇ?"

"ಇದು ನಿಮ್ಮ ಅಂಗಡಿ ಬಾಗಿಲಲ್ಲ. ಕೀಲಿ ತಿರುಗಿದ್ರೆ ಮಾತ್ರ ತೆಗೆಯೋದು. ಕೀಲಿ ಹಾಕೋ ಜಾಗಾನೇ ಇಲ್ಲ, ಪಾಪ ವೈರಸ್ಸು ಹೊರಗೇ ನಿಂತಿರತ್ತೆ. ಹಾಗಂತ ಮೆರೀಬೇಡಿ, ಬೇರೆ ಬೀಗ ಹುಡುಕೋ ಜಾತಿಯ ವೈರಸ್ಸೂ ಇವೆ. ಆದ್ರೂ ನೀವು ಭಾರಿ ಅದೃಷ್ಟವಂತರು. ಇನ್ನೊಂದು ಸಲ ಹೇಳ್ತೀನಿ, ನೆನಪಿಟ್ಕೊಳ್ಳಿ: ಮೊದಲನೇ ಬೀಗ ಎಲ್ಲರಿಗಿದ್ದ ಹಾಗೇ ಇದೆ, ಎರಡನೇ ಬೀಗ ಮಾತ್ರ ನಿಮಗಿಲ್ಲ!"

ಕೀಲಿಯಣ್ಣ ತೆರೆದ ಬಾಗಿಲಿನತ್ತ ನೋಡಿದ.

"ಗೊತ್ತಾಯ್ತು ಡಾಕ್ಟ್ರೇ" ಎಂದ. "ಈಗ ತಾನೇ ಎದ್ದು ಹೋದ್ರು."