ಮಾಮನ ಗಿಡದ ಹಣೆ

ಗಿಡಕ್ಕೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುವ ಮನುಷ್ಯರು ಭೂಮಿಯ ಮೇಲೆ ಒಬ್ಬರೇ, ನನ್ನ ಸೋದರಮಾವ! ಗಿಡಕ್ಕೆ ಹಣೆ ಎಲ್ಲಿರುತ್ತದೆ ಎಂದು ನನ್ನನ್ನು ಕೇಳಬೇಡಿ. ಮಾಮನಿಗೆ ಗೊತ್ತು.

ತೇನಿ ಹತ್ತಿರದ ನಮ್ಮೂರು ಕೊಂಬೈಯಲ್ಲಿ, ಬೆಟ್ಟಕ್ಕೆ ತಾಗಿದ ಅವರ ತೋಟದ ಅಂಚಿನಲ್ಲಿ ಆಳೆತ್ತರದ ಪೊದೆಯೊಂದಿದೆ. ನೇರಳೆಯ ಹತ್ತಿರದ ನೆಂಟ. ಬಿಳಿ ಹೂವಿನ ತುಂಬ ನೂಲಿನಂಥ ಕೇಸರ. ಮೂವತ್ತು ವರ್ಷ ಮಾಮ ಅದರ ಮೇಲೆ ಒದ್ದೆ ಕೋಮಣ ಒಣಹಾಕಿದ್ದರು. ಹೋದ ವರ್ಷ ಕಾಲೇಜಿನ ಹುಡುಗಿಯೊಬ್ಬಳು ಬಂದು, ಇದು ಈ ಬೆಟ್ಟಗಳಲ್ಲಷ್ಟೇ ಉಳಿದಿರುವ ಜಾತಿ, ಹಣ್ಣು ಬಿಟ್ಟರೆ ಬೀಜದಿಂದ ಸಸಿ ಎಬ್ಬಿಸೋಣ, ಇಲ್ಲವಾದರೆ ಅಳಿದೇ ಹೋದೀತು ಎಂದಳು. ಮಾಮ ಮೊದಲು ಕೋಮಣ ತೆಗೆದರು. ಆಮೇಲೆ ನಿದ್ದೆ ಬಿಟ್ಟರು.

ದಿಂಡಿಗಲ್ಲಿನ ಮದುವೆಯೊಂದರಲ್ಲಿ ಗಾಳಿ ಜೋರಾಯಿತೆಂದು, ಊಟದ ಎಲೆ ಮುಂದೆ ಕೂರದೆ ಬಸ್ಸು ಹತ್ತಿದರು. ಮದುಮಗಳು ಯಾರೆಂದಿರಿ? ನಾನೇ! ಸೋದರಮಾವನಿಲ್ಲದ ಆ ಪಂಕ್ತಿಯನ್ನು ನಾನಿನ್ನೂ ಮರೆತಿಲ್ಲ.

ಈ ವರ್ಷ ಗಿಡ ಮೊಗ್ಗು ಬಿಟ್ಟಿತು. ಜೊತೆಗೇ ಬಂತು ಒಂದು ಹಸು. ಬರಿಯ ಹಸುವಾಗಿದ್ದರೆ ಓಡಿಸಬಹುದಿತ್ತು. ಇದು ದೇವರಿಗೆ ಬಿಟ್ಟ ಮಂದೆಯದು. ನಮ್ಮ ಜನ ಅವುಗಳ ಮೇಲೆ ಕೋಲೆತ್ತುವುದಿರಲಿ, ಗದರುವುದೂ ಇಲ್ಲ. ಮಾಮ ಕೈಮುಗಿದು ಬಾಳೆಹಣ್ಣು ಕೊಟ್ಟು ಕಳಿಸಿದರು. ಮಾರನೆಯ ದಿನ ಅದು ಅದೇ ಹೊತ್ತಿಗೆ ಬಂತು, ಗೆಳತಿಯರನ್ನೂ ಕರೆದುಕೊಂಡು!

ಅಷ್ಟರಲ್ಲಿ ತೇನಿಯಲ್ಲಿ ಮಾಮನ ಕಣ್ಣಿನ ಆಪರೇಷನ್. ಕಾವಲಿಗೆ ನಾನು. ಬಾಳೆಗೊನೆ ಮುಗಿಯಿತು, ಹಸುಗಳ ಹಸಿವು ಮುಗಿಯಲಿಲ್ಲ. ಕೋಲು ಕೈಯಲ್ಲೇ ಇತ್ತು, ಎತ್ತಲಾಗಲಿಲ್ಲ. ಗಿಡವನ್ನು ತಬ್ಬಿ ನಿಂತೆ. ಒಂದು ಹಸು ನನ್ನನ್ನು ಪಕ್ಕಕ್ಕೆ ತಳ್ಳಿ, ಮೊಗ್ಗು ತುಂಬಿದ್ದ ದೊಡ್ಡ ರೆಂಬೆಯನ್ನೇ ಎಳೆದುಕೊಂಡಿತು. ಉಳಿದದ್ದು ಒಂದು ಪುಟ್ಟ ಗೊಂಚಲು.

ಮಾಮನಿಗೆ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ.

"ಬಿದ್ದ್ಯಾ ಕಂದಾ? ಪೆಟ್ಟಾಯ್ತಾ?"

"ಇಲ್ಲ ಮಾಮ. ಮೊಗ್ಗು..."

"ಮೊಗ್ಗಿರ್ಲಿ. ನಿನ್ನ ಯಾಕ್ ನಿಲ್ಸಿ ಬಂದ್ನೋ ನಾನು."

ಮರುದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಡವರಿಸುತ್ತ ನೇರ ತೋಟಕ್ಕೇ ಬಂದರು. ಗಿಡದ ಕಡೆಗೇ ಹೋಗುತ್ತಾರೆಂದು ನಾನು ದಾರಿ ಬಿಟ್ಟು ನಿಂತೆ. ಅವರು ಹೋಗಲಿಲ್ಲ. ಮೊದಲು ನನ್ನ ಹಣೆ ಮುಟ್ಟಿ ನೋಡಿದರು.